ನಿಂತ ಲಾರಿಯ ಹೊತ್ತು ಯಾರ ಲೆಕ್ಕಕ್ಕೆ? ಬೆಳಗಾವಿ–ಖಾನಾಪುರ ದಾರಿಯ ಚಾಲಕರು, ಹಮಾಲರು ಮತ್ತು ಊಟದ ಬಿಡುವು

ಸರಕು ಲಾರಿಯ ಚಾಲಕನನ್ನು 5 ಗಂಟೆಗಿಂತ ಹೆಚ್ಚು ಹೊತ್ತು ಬಿಡುವಿಲ್ಲದೆ ದುಡಿಸಬಾರದು, ಅಷ್ಟರೊಳಗೆ ಕನಿಷ್ಠ ಅರ್ಧ ಗಂಟೆ ವಿರಾಮ ಕೊಡಬೇಕು ಎಂದು 1961ರ ಮೋಟಾರು ಸಾರಿಗೆ ಕಾರ್ಮಿಕರ ಅಧಿನಿಯಮದ 15ನೇ ಕಲಮು ವಿಧಿಸಿತ್ತು. ಅದರ ಹಿಂದುಮುಂದಿನ ಕಲಮುಗಳು ದುಡಿಮೆಗೆ ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆಯ ಮಿತಿ ಹಾಕಿದ್ದವು. ದೂರದ ದಾರಿಯಾದರೆ ಅನುಮತಿ ಪಡೆದು ಅದನ್ನು 10 ಮತ್ತು 54ಕ್ಕೆ ಏರಿಸಬಹುದಿತ್ತು. ವಿರಾಮಗಳನ್ನೆಲ್ಲ ಸೇರಿಸಿದರೂ ಕೆಲಸದ ದಿನ 12 ಗಂಟೆ ದಾಟುವಂತಿರಲಿಲ್ಲ. ಒಂದು ದಿನದ ಕೆಲಸ ಮುಗಿದು ಮರುದಿನದ್ದು ಶುರುವಾಗುವ ನಡುವೆ 9 ಗಂಟೆಗಳ ಅಖಂಡ ವಿಶ್ರಾಂತಿ ಸಿಗಬೇಕಿತ್ತು. ಕಾಗದದಲ್ಲಿ ಇಷ್ಟೆಲ್ಲ ಇದ್ದದ್ದು ದಾರಿಯ ಮೇಲೆ ಯಾಕೆ ಕಾಣಲಿಲ್ಲ ಎಂದು ಕೇಳಿದರೆ ಒಂದು ಸಿದ್ಧ ಉತ್ತರ ಬರುತ್ತದೆ: ಕಾನೂನು ಒಳ್ಳೆಯದೇ, ಜಾರಿಯೇ ಆಗಲಿಲ್ಲ. ಉತ್ತರ ಸುಳ್ಳಲ್ಲ, ಆದರೆ ಸಾಲದು. ಬೆಳಗಾವಿಯ ಕೃಷಿ ಉತ್ಪನ್ನ ಮಾರುಕಟ್ಟೆ ಸಮಿತಿಯ (ಎಪಿಎಂಸಿ) ಪ್ರಾಂಗಣವನ್ನೂ ಖಾನಾಪುರದ ಮೇಲೆ ಗೋವಾಕ್ಕೆ ಇಳಿಯುವ ದಾರಿಯನ್ನೂ ಎದುರಿಗಿಟ್ಟುಕೊಂಡು ಅದೇ ಕಾನೂನನ್ನು ಓದಿದರೆ ಬೇರೊಂದು ಸಂಗತಿ ಹೊರಬೀಳುತ್ತದೆ. ಓಡುವ ಹೊತ್ತನ್ನು ಕಾನೂನು ಕಟ್ಟುನಿಟ್ಟಾಗಿ ಎಣಿಸುತ್ತದೆ, ಕಾಯುವ ಹೊತ್ತನ್ನು ಅರೆಬರೆಯಾಗಿ ಬಿಟ್ಟುಬಿಡುತ್ತದೆ. ಈ ದಾರಿಯ ಚಾಲಕ ಮತ್ತು ಹಮಾಲ ಇಬ್ಬರ ಊಟವೂ ತಪ್ಪುವುದು ಆ ಕಾಯುವ ಹೊತ್ತಿನಲ್ಲೇ.

ಸದಾಶಿವನಗರ ಬೆಳಗಾವಿಯ ಉತ್ತರ ಭಾಗದಲ್ಲಿರುವ ಮನೆಗಳ ಬಡಾವಣೆ. ಈ ಟಿಪ್ಪಣಿಗೆ ಅದು ಮುಖ್ಯವಾಗುವುದು ಎಪಿಎಂಸಿಯ ನೆರೆಯಾಗಿ. ಖಾನಾಪುರ, ಬೆಳಗಾವಿ ತಾಲೂಕುಗಳ ಗೆಣಸು, ಬಟಾಟೆ ಮತ್ತು ಹೊರಗಿನಿಂದ ಬರುವ ಉಳ್ಳಾಗಡ್ಡಿ ಈ ಪ್ರಾಂಗಣದಲ್ಲಿ ಇಳಿಯುತ್ತವೆ. ಗೆಣಸಿನ ಲಾರಿಗಳು ಇಲ್ಲಿಂದ ದೆಹಲಿಯವರೆಗೂ ಹೋಗುತ್ತವೆ. ಉಪವಾಸದ ಹಬ್ಬಗಳ ಮುಂಚಿನ ದಿನಗಳಲ್ಲಿ ಹೆಚ್ಚು. ನಾಡಿನ ಉಪವಾಸಕ್ಕೆ ಒದಗುವ ಗೆಣಸನ್ನು ಹೊರುವವರು ಆ ದಿನಗಳಲ್ಲೇ ಹೊತ್ತಿಗೆ ಸರಿಯಾಗಿ ಉಣ್ಣಲಾರರು ಎನ್ನುವುದನ್ನು ವ್ಯಂಗ್ಯವೆಂದು ಬರೆದುಕೊಳ್ಳಬಹುದು. ಸುಗ್ಗಿಯ ಒತ್ತಡ ಎಲ್ಲ ಪೇಟೆಗಳಲ್ಲೂ ಹೀಗೇ. ಕಾಯಿಪಲ್ಲೆಯ ಸಗಟು ವ್ಯಾಪಾರ 2019ರಲ್ಲಿ ದಂಡುಪ್ರದೇಶದ ಹಳೆಯ ಜಾಗದಿಂದ ಎಪಿಎಂಸಿಗೆ ಬಂತು. 2022ರಲ್ಲಿ ಗಾಂಧಿನಗರದ ಕಡೆ ಖಾಸಗಿ ಸಗಟು ಮಾರುಕಟ್ಟೆಯೊಂದು ತೆರೆದು ವ್ಯಾಪಾರ ಮತ್ತೆ ಹಂಚಿಹೋಯಿತು. ಮಾರುಕಟ್ಟೆ ಎಲ್ಲಿರಬೇಕೆಂಬುದರ ಬಗ್ಗೆ ರೈತರು, ದಲಾಲರು, ಅಧಿಕಾರಿಗಳ ನಡುವೆ ವರ್ಷಗಟ್ಟಲೆ ಜಗಳ ನಡೆದಿದೆ. ಹಮಾಲನಿಗೂ ಚಾಲಕನಿಗೂ ಈ ಸ್ಥಳಾಂತರಗಳ ಅರ್ಥ ಬೇರೆ: ಚಾ ಎಲ್ಲಿ ಸಿಗುತ್ತದೆ, ನೆರಳು ಎಲ್ಲಿದೆ, ಸಂಡಾಸು ಎಲ್ಲಿದೆ, ಖಾನಾವಳಿ ಎಷ್ಟು ದೂರ ಎಂಬುದನ್ನೆಲ್ಲ ಮೊದಲಿನಿಂದ ಹುಡುಕಿಕೊಳ್ಳಬೇಕು.

ಇಲ್ಲಿಂದ ಹೊರಡುವ ಸರಕಿಗೆ ಎರಡು ದಿಕ್ಕು. ಒಂದು ಪುಣೆ–ಬೆಂಗಳೂರು ಹೆದ್ದಾರಿ, ಈಗಿನ 48ನೇ ಸಂಖ್ಯೆಯದು. ಇನ್ನೊಂದು ಪೀರನವಾಡಿಯ ಕಡೆಗೆ ಹೋಗಿ ಅಲ್ಲಿ ಮತ್ತೆ ಕವಲೊಡೆಯುತ್ತದೆ. ಖಾನಾಪುರ, ಲೋಂಡಾ, ರಾಮನಗರ ದಾಟಿ ಅನಮೋಡ ಘಾಟಿನಲ್ಲಿ ಇಳಿಯುವುದು ಹಳೆಯ 4ಎ, ಈಗಿನ 748ನೇ ಹೆದ್ದಾರಿ. ಜಾಂಬೋಟಿ, ಕಣಕುಂಬಿಯ ಮೇಲೆ ಹೋಗುವುದು ಚೋರ್ಲಾ ಘಾಟಿನ ದಾರಿ. ಎರಡೂ ಖಾನಾಪುರ ತಾಲೂಕನ್ನು ಹಾದೇ ಹೋಗಬೇಕು. ಗೋವಾದ ಅಡುಗೆಮನೆಗಳು ಬೆಳಗಾವಿಯ ಕಾಯಿಪಲ್ಲೆಯನ್ನು ನಂಬಿಕೊಂಡಿವೆ. ಘಾಟಿನಲ್ಲಿ ಗುಡ್ಡ ಕುಸಿದರೆ, ಗಡಿಯಲ್ಲಿ ಗಲಾಟೆಯಾದರೆ ಮೊದಲು ಏರುವುದು ಪಣಜಿಯ ತರಕಾರಿ ದರ. 2025ರ ಜುಲೈನಲ್ಲಿ ಅನಮೋಡ ಘಾಟಿನ ಗೋವಾ ಭಾಗದಲ್ಲಿ ರಸ್ತೆ ಕುಸಿದು ಭಾರಿ ವಾಹನಗಳಿಗೆ ತಡೆ ಬಿದ್ದಿತ್ತು. ಅನಮೋಡದ ದಾರಿ ಮುಂದೆ ಮಡಗಾಂವಿಗೂ ಮುರಗಾಂವ ಬಂದರಿಗೂ ಒದಗುತ್ತದೆ. ಆದ್ದರಿಂದ ಬಂದರು ಕಾರ್ಮಿಕನ ಪಾಳಿಗೂ ಖಾನಾಪುರದ ಚಾಲಕನ ನಿದ್ದೆಗೂ ಸಂಬಂಧವಿದೆ: ಹಡಗುಕಟ್ಟೆಯ ಕ್ರೇನು ಊಟಕ್ಕೆ ನಿಂತರೆ ಲಾರಿಗಳ ಸಾಲು ನಿಲ್ಲುತ್ತದೆ, ಸಾಲು ನಿಂತರೆ ಚಾಲಕ ಸ್ಟಿಯರಿಂಗ್ ಬಿಟ್ಟು ಏಳುವಂತಿಲ್ಲ.

ಗೋವಾದ ಕಾಯಿಪಲ್ಲೆ ಗಾಡಿಯ ದಿನವನ್ನು ಸ್ವಲ್ಪ ಬಿಡಿಸಿ ನೋಡಬೇಕು. ಮಾಲು ಬರುವುದು ಹಗಲಿನಲ್ಲಿ, ಸವಾಲು (ಹರಾಜು) ಮುಗಿದು ಲೋಡ್ ಆಗುವುದು ಇಳಿಹೊತ್ತಿಗೆ ಅಥವಾ ರಾತ್ರಿಗೆ. ಮ್ಹಾಪ್ಸಾ, ಪಣಜಿ, ಮಡಗಾಂವಿನ ಪೇಟೆಗಳಿಗೆ ನಸುಕಿನಲ್ಲೇ ಮುಟ್ಟಬೇಕು. ಹೀಗಾಗಿ ಘಾಟನ್ನು ಇಳಿಯುವುದು ರಾತ್ರಿ, ಅದೂ ಮನುಷ್ಯನ ಕಣ್ಣು ತಾನಾಗಿಯೇ ಮುಚ್ಚಿಕೊಳ್ಳುವ ಹೊತ್ತಿನಲ್ಲಿ. ದಾರಿ ನೂರಾರು ಕಿಲೋಮೀಟರಿನದಲ್ಲ. 5 ಗಂಟೆಯ ನಿಯಮ ಮುರಿಯದೆ ಮುಟ್ಟಬಹುದು. ಓಡಿಸಿದ ಹೊತ್ತನ್ನಷ್ಟೇ ಎಣಿಸಿದರೆ ಈ ಚಾಲಕ ಕಾನೂನಿನ ಪ್ರಕಾರ ಸುಖಿ. ಆದರೆ ಅವನು ಮಧ್ಯಾಹ್ನದಿಂದ ಗಾಡಿಯ ಹತ್ತಿರವೇ ಇದ್ದಾನೆ. ಲೋಡ್ ಆಗುವಾಗ ಚೀಲ ಎಣಿಸಿದ್ದಾನೆ, ಹಗ್ಗ ಬಿಗಿದಿದ್ದಾನೆ, ತಾಡಪತ್ರಿ ಹೊದಿಸಿದ್ದಾನೆ, ಚೀಟಿಗೆ ಓಡಾಡಿದ್ದಾನೆ. ಗೋವಾದಲ್ಲಿ ಇಳಿಸುವವರು ಬರುವವರೆಗೆ ಮತ್ತೆ ಗಾಡಿಯಲ್ಲೇ. ವಾಪಸು ಬರುವಾಗ ಖಾಲಿ ಟ್ರೇ, ಸಿಕ್ಕಿದರೆ ಬೇರೆ ಬಾಡಿಗೆ. ಬೆಳಗಾವಿ ಮುಟ್ಟಿದಾಗ ಮಧ್ಯಾಹ್ನ. ಇನ್ನು ಕೆಲವು ಗಂಟೆಯಲ್ಲಿ ಮರುದಿನದ ಲೋಡ್. 9 ಗಂಟೆಗಳ ಅಖಂಡ ವಿಶ್ರಾಂತಿ ಈ ಚಕ್ರದಲ್ಲಿ ಎಲ್ಲಿ ಹೊಂದುತ್ತದೆ ಎಂದು ಯಾವ ದಲಾಲನೂ ಯಾವ ಮಾಲೀಕನೂ ಲೆಕ್ಕ ಹಾಕುವುದಿಲ್ಲ. ಹಾಕಬೇಕಾದ ಒತ್ತಾಯವೂ ಅವರ ಮೇಲಿಲ್ಲ.

ಕಾನೂನು ಈ ಹೊತ್ತುಗಳನ್ನು ಹೇಗೆ ವಿಂಗಡಿಸುತ್ತದೆ ಎಂಬಲ್ಲಿ ನಿಧಾನಿಸಬೇಕು. 1961ರ ಅಧಿನಿಯಮದ ಪ್ರಕಾರ ಕಾರ್ಮಿಕ ಮಾಲೀಕನ ವಶದಲ್ಲಿರುವ ಹೊತ್ತೇ ಕೆಲಸದ ಹೊತ್ತು. ಅದರಲ್ಲಿ ಮೂರು ಬಗೆ ಸೇರುತ್ತವೆ. ಗಾಡಿ ಓಡುವ ಹೊತ್ತಿನ ಕೆಲಸ ಮೊದಲನೆಯದು. ಲೆಕ್ಕಪತ್ರ, ರಿಪೇರಿ, ಮಾಲು ಹೇರುವುದು–ಇಳಿಸುವುದು ಮುಂತಾದ ಪೂರಕ ಕೆಲಸ ಎರಡನೆಯದು. ಮೂರನೆಯದು ನಿಲ್ದಾಣಗಳಲ್ಲಿ ಕರೆಗೆ ಕಾದು ಸುಮ್ಮನೆ ಹಾಜರಿರುವ ಹೊತ್ತು, ಆದರೆ 15 ನಿಮಿಷಕ್ಕಿಂತ ಕಡಿಮೆಯಾಗಿದ್ದರೆ ಮಾತ್ರ. 14 ನಿಮಿಷ ಕಾದರೆ ಅದು ಕೆಲಸ. ಎರಡು ಗಂಟೆ ಕಾದರೆ? ಮಾಲೀಕನ ವಶದಲ್ಲಿದ್ದ ಹೊತ್ತೆಲ್ಲ ಕೆಲಸವೇ ಎಂಬ ಮೊದಲ ಮಾತನ್ನು ಹಿಡಿದು ಚಾಲಕನ ಪರ ವಾದಿಸಬಹುದು. 15 ನಿಮಿಷದ ಗೆರೆಯನ್ನು ತೋರಿಸಿ ಮಾಲೀಕನ ಪರವೂ ವಾದಿಸಬಹುದು. ಬಸ್ಸಿನ ವೇಳಾಪಟ್ಟಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದ ವಾಕ್ಯವಿದು ಎಂದು ನನ್ನ ಅನಿಸಿಕೆ. ಡಿಪೋದಲ್ಲಿ ಎರಡು ಟ್ರಿಪ್‌ಗಳ ನಡುವೆ ಮುಕ್ಕಾಲು ಗಂಟೆ ಸಿಕ್ಕ ಬಸ್ ಚಾಲಕ ಕ್ಯಾಂಟೀನಿಗೆ ಹೋಗಿ ಕೂರಬಲ್ಲ. ದಲಾಲರ ಅಡತ್ ಅಂಗಡಿಯ ಮುಂದೆ ಸಾಲಿನಲ್ಲಿ ನಿಂತ ಲಾರಿಯ ಚಾಲಕನಿಗೆ ಹಾಗಾಗದು; ಮುಂದಿನ ಗಾಡಿ ಹತ್ತು ಹೆಜ್ಜೆ ಸರಿದರೆ ತಾನೂ ಸರಿಯಬೇಕು.

ಇದರ ಜೊತೆಗೆ 1988ರ ಮೋಟಾರು ವಾಹನ ಅಧಿನಿಯಮದ 91ನೇ ಕಲಮನ್ನು ಇಟ್ಟು ಓದಬೇಕು. ಸಾರಿಗೆ ವಾಹನ ನಡೆಸುವ ಯಾವುದೇ ವ್ಯಕ್ತಿಯ ಕೆಲಸದ ಹೊತ್ತು 1961ರ ಅಧಿನಿಯಮದಲ್ಲಿದ್ದಂತೆಯೇ ಇರಬೇಕು ಎನ್ನುತ್ತದೆ ಅದರ ಮೊದಲ ಉಪಕಲಮು. ಇದು ಸಣ್ಣ ಮಾತಲ್ಲ. 1961ರ ಅಧಿನಿಯಮ ನೇರವಾಗಿ ಅನ್ವಯಿಸುತ್ತಿದ್ದುದು 5 ಅಥವಾ ಹೆಚ್ಚು ಕಾರ್ಮಿಕರಿರುವ ಸಾರಿಗೆ ಉದ್ಯಮಗಳಿಗೆ. ಒಂದೆರಡು ಗಾಡಿ ಇಟ್ಟುಕೊಂಡ ಮಾಲೀಕರೇ ತುಂಬಿರುವ ಈ ದಾರಿಯಲ್ಲಿ ಹೆಚ್ಚಿನ ಚಾಲಕರು ಆ ಲೆಕ್ಕದ ಹೊರಗೇ ಉಳಿಯುತ್ತಿದ್ದರು. 91ನೇ ಕಲಮು ಗಾಡಿಗಳ ಸಂಖ್ಯೆ ಕೇಳದೆ ಎಲ್ಲ ಚಾಲಕರನ್ನೂ ಒಳಗೆ ತರುತ್ತದೆ. ಕಾರ್ಮಿಕ ಸಂಘಟನೆಗಳ ಮನವಿಪತ್ರಗಳಲ್ಲಿ ಇದಕ್ಕೆ ಸಿಗಬೇಕಾದಷ್ಟು ಜಾಗ ಸಿಕ್ಕಿಲ್ಲ ಎನಿಸುತ್ತದೆ. ಆದರೆ ಅದೇ ಕಲಮಿನ ಕೊನೆಯಲ್ಲಿ ಒಂದು ಹಿಂಬಾಗಿಲಿದೆ. ಚಾಲಕ ಕೆಲಸದಲ್ಲಿ ತೊಡಗಿಲ್ಲದಿದ್ದರೂ ಗಾಡಿಯಲ್ಲಿ ಅಥವಾ ಗಾಡಿಯ ಹತ್ತಿರ ಇರಲೇಬೇಕಾದ ಹೊತ್ತನ್ನು ಯಾವ ಸಂದರ್ಭಗಳಲ್ಲಿ ವಿರಾಮವೆಂದೇ ಪರಿಗಣಿಸಬಹುದು ಎಂದು ರಾಜ್ಯ ಸರ್ಕಾರ ನಿಯಮ ಮಾಡಬಹುದು. ಗಾಡಿ ಬಿಟ್ಟು ಹೋಗಲಾಗದವನ ಹೊತ್ತನ್ನು ವಿರಾಮವೆಂದು ಕರೆಯುವ ಅಧಿಕಾರವನ್ನು ಶಾಸನವೇ ಹೀಗೆ ಕೊಟ್ಟಿದೆ.

2020ರ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಪರಿಸ್ಥಿತಿಗಳ ಸಂಹಿತೆ 2025ರ ನವೆಂಬರ್ 21ರಂದು ಜಾರಿಗೆ ಬಂತು. 1961ರ ಅಧಿನಿಯಮವೂ 1986ರ ಬಂದರು ಕಾರ್ಮಿಕರ ಸುರಕ್ಷತಾ ಅಧಿನಿಯಮವೂ ಸೇರಿ 13 ಕಾನೂನುಗಳು ಅದರಲ್ಲಿ ಅಡಕವಾದವು. ದಿನಕ್ಕೆ 8 ಗಂಟೆ ಉಳಿಯಿತು. 15 ನಿಮಿಷದ ಗೆರೆಯೂ ಹಾಗೇ ಬಂತು. ಉದ್ಯಮದ ಮಿತಿ ಮಾತ್ರ 5 ಕಾರ್ಮಿಕರಿಂದ 10ಕ್ಕೆ ಏರಿತು. ವಿರಾಮ ಎಷ್ಟು, ಯಾವಾಗ, ಕೆಲಸದ ದಿನದ ಹರವು ಎಷ್ಟು ಎಂಬುದನ್ನು ಸಂಹಿತೆ ಸರ್ಕಾರದ ಅಧಿಸೂಚನೆಗೆ ಬಿಟ್ಟಿತು. ಶಾಸನದಲ್ಲೇ ಅಚ್ಚಾಗಿದ್ದ 5 ಗಂಟೆ, ಅರ್ಧ ಗಂಟೆ ಎಂಬ ಅಂಕಿಗಳು ಇನ್ನು ಮೇಲೆ ನಿಯಮಗಳಲ್ಲಿ ಬರಬೇಕು. ಮೋಟಾರು ವಾಹನ ಅಧಿನಿಯಮದ 91ನೇ ಕಲಮು ತೋರಿಸುವ ಹಳೆಯ ಅಧಿನಿಯಮದ ಜಾಗದಲ್ಲಿ ಹೊಸ ಸಂಹಿತೆಯನ್ನು ಇಟ್ಟು ಓದಬೇಕಾಗುತ್ತದೆ. ರದ್ದಾದ ಕಾನೂನಿನ ಉಲ್ಲೇಖವನ್ನು ಅದರ ಮರುರೂಪಕ್ಕೆ ಹೊಂದಿಸುವುದು ಸಾಮಾನ್ಯ ಪರಿಭಾಷೆಗಳ ಅಧಿನಿಯಮದ ರೂಢಿ. ತಾತ್ತ್ವಿಕವಾಗಿ ಸಣ್ಣ ಮಾಲೀಕನ ಚಾಲಕನಿಗೆ ರಕ್ಷಣೆ ಉಳಿದಿದೆ. ಅದು ಯಾರ ಕೈಯಲ್ಲಿ ಪರಿಶೀಲನೆಗೆ ಬರುತ್ತದೆ ಎಂಬುದು ಬೇರೆ ಪ್ರಶ್ನೆ: ಹೆದ್ದಾರಿಯಲ್ಲಿ ಗಾಡಿ ತಡೆಯುವ ಸಾರಿಗೆ ಅಧಿಕಾರಿ ನೋಡುವುದು ತೂಕ, ಪರ್ಮಿಟ್ಟು, ವಿಮೆ; ಹೊತ್ತಿನ ರಿಜಿಸ್ಟರು ನೋಡಬೇಕಾದ ಕಾರ್ಮಿಕ ನಿರೀಕ್ಷಕನ ಕೆಲಸ ಹೆದ್ದಾರಿಯಲ್ಲಿಲ್ಲ.

ಯುರೋಪಿನ ಒಕ್ಕೂಟದಲ್ಲಿ ನಾಲ್ಕೂವರೆ ಗಂಟೆ ಓಡಿಸಿದ ಚಾಲಕ 45 ನಿಮಿಷ ನಿಲ್ಲಿಸಬೇಕು ಎಂಬ ನಿಯಮ ಇಲ್ಲಿನ ಪತ್ರಿಕೆಗಳಲ್ಲೂ ಆಗಾಗ ಉದಾಹರಣೆಯಾಗಿ ಬರುತ್ತದೆ. ನನಗೆ ಅದಕ್ಕಿಂತ ಮುಖ್ಯವೆನಿಸುವುದು ಅಲ್ಲಿನ 2002ರ ನಿರ್ದೇಶನದ ಒಂದು ಸೂಕ್ಷ್ಮ. ಹೇರಲು, ಇಳಿಸಲು ಕಾಯುವ ಹೊತ್ತು ಎಷ್ಟೆಂದು ಚಾಲಕನಿಗೆ ಮುಂಚಿತವಾಗಿ ತಿಳಿದಿರದಿದ್ದರೆ ಆ ಹೊತ್ತು ಕೆಲಸದ ಹೊತ್ತೇ. ಎರಡು ಗಂಟೆ ಆಗುತ್ತದೆ, ಹೋಗಿ ಮಲಗು ಎಂದು ಮೊದಲೇ ಹೇಳಿದರೆ ಅದರ ಲೆಕ್ಕ ಬೇರೆ. ಕಾಯುವಿಕೆಯ ಉದ್ದಕ್ಕಿಂತ ಅದರ ಅನಿಶ್ಚಿತತೆಯೇ ವಿಶ್ರಾಂತಿಯನ್ನು ಕೆಡಿಸುತ್ತದೆ ಎಂಬ ಅರಿವು ಆ ವಾಕ್ಯದಲ್ಲಿದೆ. ನಮ್ಮ 15 ನಿಮಿಷದ ಗೆರೆಯಲ್ಲಿ ಅದಿಲ್ಲ. ಸತತ ಚಾಲನೆಯನ್ನು 4 ಗಂಟೆಗೆ ಮಿತಿಗೊಳಿಸುವ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ 1979ರ 153ನೇ ಒಡಂಬಡಿಕೆಯನ್ನು ಭಾರತ ಅಂಗೀಕರಿಸಿಲ್ಲ.

ಈಗ ಹಮಾಲರ ಕಡೆಗೆ ಬರೋಣ. ಎಪಿಎಂಸಿಯ ಹಮಾಲ ಯಾರ ನೌಕರನೂ ಅಲ್ಲ. ಲೈಸನ್ಸು ಮಾರುಕಟ್ಟೆ ಸಮಿತಿಯದು, ಟೋಳಿ (ಗುಂಪು) ಅದರ ಮೇಸ್ತ್ರಿಯಾದ ಮುಕಾದಮನದು, ಕೂಲಿ ಚೀಲದ ಲೆಕ್ಕದ್ದು. ಅವನು ಹೊರುವ ಅಂಗಡಿಯೊಳಗೆ ಕೂತ ಗುಮಾಸ್ತನಿಗೆ ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಅಧಿನಿಯಮ ಅನ್ವಯಿಸುತ್ತದೆ. ಅದೂ 1961ರದೇ, ಅದರಲ್ಲೂ 5 ಗಂಟೆಯದೇ ಮಿತಿ, ಆದರೆ ವಿರಾಮ ಒಂದು ಗಂಟೆ. ಹೊಸ್ತಿಲ ಒಳಗೆ ಬರೆಯುವವನಿಗೆ ಒಂದು ಗಂಟೆ, ಹೊಸ್ತಿಲ ಮುಂದೆ ನಿಂತ ಲಾರಿಯವನಿಗೆ ಹಳೆಯ ಕಾನೂನಿನಂತೆ ಅರ್ಧ ಗಂಟೆ, ಇವೆರಡರ ನಡುವೆ ಚೀಲ ಸಾಗಿಸುವವನಿಗೆ ಯಾವ ಅಂಕಿಯೂ ಇಲ್ಲ. ಬೆನ್ನಿನ ದುಡಿಮೆ ಹೆಚ್ಚಿದಂತೆ ವಿರಾಮ ಕಡಿಮೆಯಾಗುವ ಈ ಏಣಿಯನ್ನು ಯಾರೂ ಬೇಕೆಂದು ಕಟ್ಟಿದ್ದಲ್ಲ. ಮೂರು ಬೇರೆ ಬೇರೆ ಶಾಸನಗಳ ಅಂಚುಗಳು ಒಂದೇ ಅಂಗಳದಲ್ಲಿ ಕೂಡಿದ್ದರಿಂದ ಹೀಗಾಗಿದೆ.

ಚೀಲದ ಲೆಕ್ಕದಲ್ಲಿ ದುಡಿಯುವವನು ವಿರಾಮದ ಬೆಲೆಯನ್ನು ತನ್ನ ಕಿಸೆಯಿಂದಲೇ ಕೊಡುತ್ತಾನೆ. ಆದರೆ ಅವನಿಗೂ ಖಾಲಿ ಹೊತ್ತಿಗೆ ಕೊರತೆಯಿಲ್ಲ. ಬೆಳಿಗ್ಗೆ ಗಾಡಿ ಬಂದಿರುವುದಿಲ್ಲ, ಚಾ ಕುಡಿದು ಕೂತಿರುತ್ತಾನೆ. ಮಧ್ಯಾಹ್ನ ಬುತ್ತಿ ಬಿಚ್ಚುವ ಹೊತ್ತಿಗೆ ಮೂರು ಲಾರಿ ಒಟ್ಟಿಗೆ ಬರುತ್ತವೆ. ಲಾರಿಯವನು ರಾತ್ರಿಯೆಲ್ಲ ಓಡಿಸಿ ಬಂದಿದ್ದಾನೆ, ಬೇಗ ಖಾಲಿ ಮಾಡಿಸಿಕೊಂಡು ಮಲಗಬೇಕು ಎನ್ನುತ್ತಾನೆ. ಹಮಾಲ ಉಂಡು ಬರುತ್ತೇನೆ ಎನ್ನುತ್ತಾನೆ. ಪೇಟೆಯಲ್ಲಿ ದಿನಾ ಕೇಳುವ ಜಗಳಗಳಲ್ಲಿ ಒಂದು ಪಾಲು ಇದೇ. ಒಬ್ಬನ ವಿರಾಮ ಇನ್ನೊಬ್ಬನ ಕಾಯುವಿಕೆಯಾಗಿ ಬಿಲ್ಲಾಗುತ್ತದೆ; ಇಬ್ಬರ ಹೊತ್ತನ್ನೂ ಹಿಡಿದಿಟ್ಟ ವ್ಯಾಪಾರಿ ಜಗಳದಲ್ಲಿ ಇರುವುದೇ ಇಲ್ಲ. ರೈಲ್ವೆಯಲ್ಲಿ ಹೀಗಿಲ್ಲ. ಗೂಡ್ಸ್ ಶೆಡ್ಡಿನಲ್ಲಿ ವ್ಯಾಗನ್ ಖಾಲಿ ಮಾಡಲು ಇಂತಿಷ್ಟು ಗಂಟೆ ಬಿಟ್ಟಿ, ಮೀರಿದರೆ ಗಂಟೆಗಿಷ್ಟು ಡೆಮರೇಜ್. ಕಬ್ಬಿಣದ ಡಬ್ಬಿ ನಿಂತರೆ ಗಡಿಯಾರ ಓಡುತ್ತದೆ, ಮನುಷ್ಯ ಕೂತ ಲಾರಿ ನಿಂತರೆ ಓಡುವುದಿಲ್ಲ. ಲಾರಿಗೂ ಹಾಲ್ಟಿಂಗ್ ಎಂಬ ಹಣವಿದೆ ನಿಜ. ಅದು ಗಾಡಿ ಮಾಲೀಕನ ಬಾಡಿಗೆಗೆ ಸೇರುವ ಮಾತು, ಅದೂ ದಿನದ ಲೆಕ್ಕದಲ್ಲಿ, ಚೌಕಾಸಿಯ ಮೇಲೆ. ಟ್ರಿಪ್ ಲೆಕ್ಕದಲ್ಲಿ ಭತ್ಯೆ ಪಡೆಯುವ ಚಾಲಕನ ಕೈಗೆ ಅದು ಬರುತ್ತದೆಂಬ ಖಾತ್ರಿಯಿಲ್ಲ.

ಗಡಿಯಾಚೆ ಹಮಾಲರ ಸ್ಥಿತಿ ಕಾನೂನಿನ ಮಟ್ಟಿಗಾದರೂ ಬೇರೆ. ಮಹಾರಾಷ್ಟ್ರ 1969ರಲ್ಲೇ ಮಾಥಾಡಿ, ಹಮಾಲ ಮತ್ತು ಇತರ ದೈಹಿಕ ಕಾರ್ಮಿಕರ ಅಧಿನಿಯಮ ತಂದಿತು. ಅಣ್ಣಾಸಾಹೇಬ ಪಾಟೀಲರ ನೇತೃತ್ವದಲ್ಲಿ ಮುಂಬಯಿಯ ಮಾಥಾಡಿಗಳು ನಡೆಸಿದ ಹೋರಾಟ ಅದರ ಹಿಂದಿತ್ತು. ಹಮಾಲನೂ ವ್ಯಾಪಾರಿಯೂ ಮಂಡಳಿಯಲ್ಲಿ ನೋಂದಾಯಿಸಿಕೊಳ್ಳಬೇಕು, ಕೂಲಿ ಮಂಡಳಿಯ ಮೂಲಕ ಬರಬೇಕು, ಕೆಲಸದ ಹೊತ್ತು, ರಜೆ, ಗ್ರ್ಯಾಚುಟಿಗಳನ್ನು ಯೋಜನೆಯಲ್ಲಿ ನಿಗದಿ ಮಾಡಬಹುದು. ಕೇರಳದಲ್ಲಿ 1978ರ ತಲೆಹೊರೆ ಕಾರ್ಮಿಕರ ಅಧಿನಿಯಮವಿದೆ. ಎರಡು ರಾಜ್ಯಗಳ ನಡುವೆ ಇರುವ ಕರ್ನಾಟಕದಲ್ಲಿ ಹಮಾಲರಿಗಾಗಿಯೇ ಅಂಥ ಶಾಸನವಿಲ್ಲ. ಅಸಂಘಟಿತ ಕಾರ್ಮಿಕರ ಸಾಮಾಜಿಕ ಭದ್ರತಾ ಮಂಡಳಿ ಅಂಬೇಡ್ಕರ್ ಕಾರ್ಮಿಕ ಸಹಾಯ ಹಸ್ತ ಯೋಜನೆಯಡಿ ಗುರುತಿನ ಚೀಟಿ ಕೊಡುವ ವರ್ಗಗಳಲ್ಲಿ ಹಮಾಲರಿದ್ದಾರೆ. ಚಾಲಕರು, ಕ್ಲೀನರುಗಳ ಮಟ್ಟಿಗೆ 2024ರ ಮೋಟಾರು ಸಾರಿಗೆ ಮತ್ತು ಸಂಬಂಧಿತ ಕಾರ್ಮಿಕರ ಸಾಮಾಜಿಕ ಭದ್ರತೆ ಮತ್ತು ಕಲ್ಯಾಣ ಅಧಿನಿಯಮ ಬಂದಿದೆ. ಇವು ಬೇಕಾದವೇ. ಆದರೆ ಇವೆರಡರ ಒಲವೂ ಕೆಲಸ ತಪ್ಪಿದಾಗಿನ, ಅಪಘಾತವಾದಾಗಿನ, ಸತ್ತಾಗಿನ ನೆರವಿನ ಕಡೆಗೆ. ಕೆಲಸ ನಡೆಯುತ್ತಿರುವಾಗಿನ ಹೊತ್ತಿನ ಪ್ರಶ್ನೆ ಅಲ್ಲಿ ಎದ್ದಿಲ್ಲ.

ಗಡಿಯಾಚೆಯ ಇನ್ನೊಂದು ಪ್ರಯೋಗ ಈ ಟಿಪ್ಪಣಿಗೆ ಹೆಚ್ಚು ಹತ್ತಿರದ್ದು. ಪುಣೆಯಲ್ಲಿ ಬಾಬಾ ಆಢಾವರ ಹಮಾಲ ಪಂಚಾಯತ್ 1974ರಲ್ಲಿ ‘ಕಷ್ಟಾಚಿ ಭಾಕರ್’ ಎಂಬ ಊಟದ ಕೇಂದ್ರ ತೆರೆಯಿತು. ಲಾಭವಿಲ್ಲದ ದರದಲ್ಲಿ ಭಾಕರಿ, ಪಲ್ಯ, ಹಮಾಲರ ಕೆಲಸದ ಜಾಗಕ್ಕೆ ಹತ್ತಿರ. ಸಂಘ ಕಟ್ಟಿದವರು ಕೂಲಿ ದರದ ಜೊತೆಗೆ ಊಟವನ್ನೂ ಸಂಘದ ಕೆಲಸವೆಂದು ಹಿಡಿದದ್ದು ಅಪರೂಪ. ನಮ್ಮಲ್ಲಿ 2017ರಲ್ಲಿ ಬೆಂಗಳೂರಿನಲ್ಲಿ ಶುರುವಾಗಿ ಜಿಲ್ಲೆಗಳಿಗೆ ಹಬ್ಬಿದ ಇಂದಿರಾ ಕ್ಯಾಂಟೀನುಗಳಿವೆ. 5 ರೂಪಾಯಿಗೆ ನಾಷ್ಟಾ, 10 ರೂಪಾಯಿಗೆ ಊಟ ಎಂದು ಶುರುವಾದವು. ದರದ ತೊಡಕನ್ನು ಅವು ಬಿಡಿಸಿದವು, ಹೊತ್ತಿನದನ್ನು ಬಿಡಿಸಲಿಲ್ಲ. ನಿಗದಿತ ಗಂಟೆಗಳಲ್ಲಿ, ಮುಗಿಯುವವರೆಗೆ ಬಡಿಸುವ ಕ್ಯಾಂಟೀನು ಲಾರಿ ಯಾವಾಗ ಬರುತ್ತದೋ ಗೊತ್ತಿಲ್ಲದವನಿಗೆ ಒದಗುವುದು ಅದೃಷ್ಟವಿದ್ದ ದಿನ. ಖಾನಾವಳಿಗಳಿಗೂ ಇದೇ ಮಾತು. ಸಂಜೆ ನಾಲ್ಕಕ್ಕೆ ಬೆಳಗಾವಿ ಮುಟ್ಟಿದ ಚಾಲಕನಿಗೆ ಮಧ್ಯಾಹ್ನದ ಊಟ ಮುಗಿದಿರುತ್ತದೆ, ರಾತ್ರಿಯದು ಶುರುವಾಗಿರುವುದಿಲ್ಲ. ಸಿಗುವುದು ಮಿರ್ಚಿ ಭಜಿ, ವಡಾಪಾವ್, ಚಾ.

ಊಟದ ಹೊತ್ತು ನಂಬಲಾಗದ ಕಡೆ ಊಟದ ಬಗೆಯೇ ಬದಲಾಗುತ್ತದೆ ಎಂಬುದನ್ನೂ ಇಲ್ಲಿ ಗಮನಿಸಬೇಕು. ಬೈಲಹೊಂಗಲ, ಸವದತ್ತಿ ಕಡೆಯಿಂದ ಬಂದವರ ಬುತ್ತಿಯಲ್ಲಿ ಜೋಳದ ರೊಟ್ಟಿ, ಶೇಂಗಾ ಹಿಂಡಿ, ಉಳ್ಳಾಗಡ್ಡಿ ಇರುತ್ತವೆ. ಅದು ಒಂದಕ್ಕೆ ಬಿಚ್ಚಿದರೂ ನಡೆದೀತು, ನಾಲ್ಕಕ್ಕೆ ಬಿಚ್ಚಿದರೂ ನಡೆದೀತು. ಕಡಕ್ ರೊಟ್ಟಿಯಾದರೆ ನಾಳೆಗೂ ಆದೀತು. ಖಾನಾಪುರದ ಮಳೆಸೀಮೆಯವರು ಅನ್ನದವರು. ಬೆಳಿಗ್ಗೆ ಕಟ್ಟಿದ ಅನ್ನ–ಸಾರು ಬೇಸಿಗೆಯ ಮಧ್ಯಾಹ್ನ ದಾಟಿದರೆ ಹುಳಿಯುತ್ತದೆ. ಒಂದೇ ಟೋಳಿಯಲ್ಲಿ ಕೆಲಸ ಮಾಡುವ ಇಬ್ಬರಲ್ಲಿ ವಿರಾಮ ತಡವಾದಾಗ ಒಬ್ಬ ಉಣ್ಣುತ್ತಾನೆ, ಇನ್ನೊಬ್ಬ ಚೆಲ್ಲುತ್ತಾನೆ. ವಿರಾಮದ ನಿಯಮ ಬರೆಯುವವರು ಅರ್ಧ ಗಂಟೆ ಎಂದು ಬರೆದರೆ ಸಾಲದು. ಯಾವ ಹೊತ್ತಿನ ಒಳಗೆ ಎಂಬುದೂ ಅಷ್ಟೇ ಮುಖ್ಯ ಎನ್ನುವುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ. ಗೆಣಸು, ಬಟಾಟೆ, ಉಳ್ಳಾಗಡ್ಡಿ ಆರಿಸಿ ವಿಂಗಡಿಸುವ ಹೆಂಗಸರದು ಇದಕ್ಕೂ ಆಚೆಯ ಮಾತು. ಹೊರುವವರ ಲೈಸನ್ಸಿನ ಲೆಕ್ಕದಲ್ಲಿ ಅವರ ಕೆಲಸಕ್ಕೆ ಹೆಸರಿಲ್ಲ, ಬಿಡುವಿನ ಪ್ರಶ್ನೆಗೆ ಸಂಡಾಸಿನ ಪ್ರಶ್ನೆ ಸೇರಿಕೊಳ್ಳುತ್ತದೆ, ಹಲವರು ಅದಕ್ಕೆಂದೇ ನೀರು ಕಡಿಮೆ ಕುಡಿಯುತ್ತಾರೆ.

ಚಾಲಕ ಗಾಡಿ ಬಿಟ್ಟು ಊಟಕ್ಕೆ ಯಾಕೆ ಹೋಗಲಾರ ಎಂಬುದಕ್ಕೆ ಹಿಂದೆ ಒಂದು ಪರಿಹಾರವಿತ್ತು: ಜೊತೆಗೊಬ್ಬ ಕ್ಲೀನರ್. ಚಾಲಕ ಮಲಗಿದರೆ ಕ್ಲೀನರ್ ಡೀಸೆಲ್, ತಾಡಪತ್ರಿ, ಮಾಲು ಕಾಯುತ್ತಿದ್ದ. ಸಾಲು ಸರಿದರೆ ಎಬ್ಬಿಸುತ್ತಿದ್ದ. ಸಣ್ಣ ಗಾಡಿಗಳಲ್ಲಿ ಕ್ಲೀನರ್ ಈಗ ಅಪರೂಪ. ರಾಷ್ಟ್ರೀಯ ಪರ್ಮಿಟ್ಟಿನ ಲಾರಿಗಳಿಗೆ ಕಾನೂನೇ ಇನ್ನೂ ಒಂದು ಹೆಜ್ಜೆ ಮುಂದಿತ್ತು. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ ಅವುಗಳಲ್ಲಿ ಇಬ್ಬರು ಚಾಲಕರಿರಬೇಕಿತ್ತು, ಓಡಿಸದವನು ಕಾಲು ಚಾಚಿ ಮಲಗಲು ಚಾಲಕನ ಹಿಂದೆ ಅಡ್ಡಲಾಗಿ ಉದ್ದನೆಯ ಆಸನವಿರಬೇಕಿತ್ತು. 2018ರ ನವೆಂಬರಿನ ತಿದ್ದುಪಡಿ ಇಬ್ಬರು ಚಾಲಕರ ಕಡ್ಡಾಯವನ್ನು ತೆಗೆಯಿತು. ಅದೇ ವರ್ಷ ಲಾರಿಗಳ ಅಕ್ಷಭಾರದ ಮಿತಿಯನ್ನೂ ಏರಿಸಲಾಗಿತ್ತು. ಗಾಡಿ ಹೊರುವ ತೂಕ ಹೆಚ್ಚಿದ ವರ್ಷವೇ ಗಾಡಿಯಲ್ಲಿರಬೇಕಾದ ಮನುಷ್ಯರು ಕಡಿಮೆಯಾದರು. ಸಾಗಣೆ ವೆಚ್ಚ ಇಳಿಸುವ ದೃಷ್ಟಿಯಿಂದ ಇವೆರಡಕ್ಕೂ ಸಮರ್ಥನೆಯಿದೆ, ಅದನ್ನು ನಾನು ಅಲ್ಲಗಳೆಯುತ್ತಿಲ್ಲ. ವಿರಾಮದ ದೃಷ್ಟಿಯಿಂದ ನೋಡಿದರೆ, ಎರಡನೆಯ ಚಾಲಕ ಹೋದಾಗ ಹೋದದ್ದು ಬರೀ ಒಂದು ಸಂಬಳವಲ್ಲ. ಮೊದಲನೆಯವನು ಗಾಡಿಯಿಂದ ಇಳಿದು ದೂರ ಹೋಗಬಲ್ಲ ಸ್ವಾತಂತ್ರ್ಯವೂ ಹೋಯಿತು. 91ನೇ ಕಲಮಿನ ಹಿಂಬಾಗಿಲು ಈಗ ಮೊದಲಿಗಿಂತ ಅಗಲ.

ದಾರಿಯ ಮೇಲಿನ ಕಾಯುವಿಕೆ ಈ ವರ್ಷಗಳಲ್ಲಿ ಕಡಿಮೆಯಾಗಿದೆ ಎಂಬುದನ್ನು ಒಪ್ಪಬೇಕು. 2017ರ ಜುಲೈನಲ್ಲಿ ಜಿಎಸ್‌ಟಿ ಬಂದ ಮೇಲೆ ನಿಪ್ಪಾಣಿಯಾಚೆಯ ಕೊಗನೊಳ್ಳಿಯಂಥ ಗಡಿಗಳಲ್ಲಿ ವಾಣಿಜ್ಯ ತೆರಿಗೆಯ ತಪಾಸಣೆಗೆ ಸಾಲು ನಿಲ್ಲುವುದು ಮುಗಿಯಿತು. 2021ರ ಫೆಬ್ರವರಿಯಿಂದ ಕಡ್ಡಾಯವಾದ ಫಾಸ್ಟ್ಯಾಗ್ ಟೋಲ್ ನಾಕಾಗಳ ಸಾಲನ್ನು ಕುಗ್ಗಿಸಿತು. ಖಾನಾಪುರ ದಾರಿಯ ಗಣೇಬೈಲಿನಲ್ಲೂ ಈಗ ಅದೇ. ಆದರೆ ಹೀಗೆ ಉಳಿದ ಹೊತ್ತು ಚಾಲಕನ ನಿದ್ದೆಗೆ ಸೇರಲಿಲ್ಲ. ಹಿಂದೆ ಗಡಿಯಲ್ಲಿ ಎರಡು ಗಂಟೆ ಸಾಲಿನಲ್ಲಿ ನಿಂತಾಗ ಕೆಲವರು ಸ್ಟೋವ್ ಹಚ್ಚಿ ಅನ್ನ ಮಾಡಿಕೊಳ್ಳುತ್ತಿದ್ದರು, ಸ್ನಾನ ಮುಗಿಸುತ್ತಿದ್ದರು. ಬೇಡದ ಆ ಸಾಲೇ ಬೇಕಾದ ವಿರಾಮವಾಗಿತ್ತು. ಈಗ ಲಾರಿ ಬೇಗ ಮುಟ್ಟುತ್ತದೆ, ಮುಟ್ಟಿ ಗೋಡೌನಿನ ಬಾಗಿಲಲ್ಲಿ ಕಾಯುತ್ತದೆ. ಸರಕು ಸಾಗಣೆಯ ಇ–ವೇ ಬಿಲ್ಲಿನ ಲೆಕ್ಕ ನೋಡಿದರೆ ಸರ್ಕಾರವೇನೂ ಅವಸರಪಡಿಸುತ್ತಿಲ್ಲ. ರಾಜ್ಯದೊಳಗಿನ ಸಾಗಣೆಗೆ ಅದನ್ನು 2018ರ ಏಪ್ರಿಲ್ 1ರಂದು ಮೊದಲು ತಂದದ್ದು ಕರ್ನಾಟಕವೇ. 2021ರಿಂದ ಅದರ ಅವಧಿ 200 ಕಿಲೋಮೀಟರಿಗೆ ಒಂದು ದಿನ. ಬೆಳಗಾವಿಯಿಂದ ಸುಮಾರು 500 ಕಿಲೋಮೀಟರಿನ ಬೆಂಗಳೂರಿಗೆ ಕಾಗದದ ಪ್ರಕಾರ ಮೂರು ದಿನ. ವ್ಯಾಪಾರಿಗೆ ಅದು ಒಂದು ರಾತ್ರಿಯ ದಾರಿ.

ವಿಶ್ರಾಂತಿ ಗೃಹಗಳ ಮಾತು ಈಗ ಚಾಲ್ತಿಯಲ್ಲಿದೆ. 1961ರ ಅಧಿನಿಯಮದಲ್ಲೇ ರಾತ್ರಿ ತಂಗಬೇಕಾದ ಕಡೆ ವಿಶ್ರಾಂತಿ ಕೊಠಡಿ, 100 ಕಾರ್ಮಿಕರು ಬಂದುಹೋಗುವ ಕಡೆ ಕ್ಯಾಂಟೀನು ಎಂದಿತ್ತು. 2024ರ ಫೆಬ್ರವರಿಯಲ್ಲಿ ಪ್ರಧಾನಿ ಮೊದಲ ಹಂತದಲ್ಲಿ ಹೆದ್ದಾರಿಗಳ ಬದಿ ಟ್ರಕ್ ಚಾಲಕರಿಗೆ 1000 ವಿಶ್ರಾಂತಿ ಕೇಂದ್ರಗಳ ಯೋಜನೆ ಘೋಷಿಸಿದರು. 2025ರ ಅಕ್ಟೋಬರ್ 1ರಿಂದ ತಯಾರಾಗುವ ಮಧ್ಯಮ ಮತ್ತು ಭಾರಿ ಲಾರಿಗಳ ಕ್ಯಾಬಿನ್ನಿಗೆ ಹವಾನಿಯಂತ್ರಣ ಕಡ್ಡಾಯ. ಒಳ್ಳೆಯದೇ. ಇವೆಲ್ಲ ದೂರದ ಹೆದ್ದಾರಿಯ ದೊಡ್ಡ ಲಾರಿಯನ್ನು ಕಣ್ಣಮುಂದಿಟ್ಟುಕೊಂಡವು. ಖಾನಾಪುರಕ್ಕೆ ಬೆಳಗಾವಿಯಿಂದ ಬರೀ 26 ಕಿಲೋಮೀಟರು. ಕಣಕುಂಬಿಯ ಸುತ್ತಿನ ಮಳೆಯಲ್ಲಿ ಗಾಡಿಯ ಕೆಳಗೆ ಚಾಪೆ ಹಾಸುವ ಹಳೆಯ ಉಪಾಯ ನಾಲ್ಕು ತಿಂಗಳು ನಡೆಯುವುದಿಲ್ಲ. ಗೋವಾದ ಕಾಯಿಪಲ್ಲೆ ಹೊರುವ ಗಾಡಿಗಳಲ್ಲಿ ಬಹಳಷ್ಟು ಹಳೆಯವು, ಹಲವು ಸಣ್ಣವು. ಈ ಚಾಲಕನಿಗೆ ಹಾಸಿಗೆ ಬೇಕಾದದ್ದು ದಾರಿಯ ನಡುವೆಯಲ್ಲ, ಹೇರುವ ಮತ್ತು ಇಳಿಸುವ ತುದಿಗಳಲ್ಲಿ. ದೇವರಾಜ ಅರಸು ಟ್ರಕ್ ಟರ್ಮಿನಲ್ ಕಂಪನಿ ಬೆಂಗಳೂರಿನ ಯಶವಂತಪುರದಲ್ಲಿ ಮಾಡಿದಂಥ ನಿಲುಗಡೆಯ ವ್ಯವಸ್ಥೆ ಮಾರುಕಟ್ಟೆಗೆ ಅಂಟಿಕೊಂಡಿದ್ದರಷ್ಟೇ ಉಪಯೋಗ. ದೂರವಿದ್ದರೆ ಸಾಲಿನಲ್ಲಿ ತನ್ನ ಸರದಿ ತಪ್ಪೀತೆಂಬ ಭಯಕ್ಕೆ ಯಾರೂ ಅಲ್ಲಿಗೆ ಹೋಗುವುದಿಲ್ಲ.

ಹಾಗಾಗಿ ಕಟ್ಟಡಕ್ಕಿಂತ ಮೊದಲು ಬೇಕಾದದ್ದು ಸರದಿಯ ಚೀಟಿ ಎಂದು ನನ್ನ ಅಭಿಪ್ರಾಯ. ಗೇಟಿನಲ್ಲಿ ಒಳಬಂದ ಹೊತ್ತು ಬರೆದು, ನಿಮ್ಮ ಗಾಡಿ ಇಷ್ಟು ಹೊತ್ತಿಗೆ ಎಂದು ಚೀಟಿ ಕೊಟ್ಟರೆ ಚಾಲಕನ ಕಾಯುವಿಕೆ ಆ ಕ್ಷಣವೇ ವಿರಾಮವಾಗುತ್ತದೆ. ಅದೇ ಚೀಟಿಯ ಪ್ರತಿ ಮುಕಾದಮನ ಕೈಯಲ್ಲಿದ್ದರೆ ಟೋಳಿಗೂ ಬುತ್ತಿ ಬಿಚ್ಚುವ ಹೊತ್ತು ತಿಳಿಯುತ್ತದೆ. ಹೊತ್ತಿನ ದಾಖಲೆ ಹೊಸದಾಗಿ ಹುಟ್ಟಿಸಬೇಕಾಗಿಯೂ ಇಲ್ಲ. ಟೋಲ್ ದಾಟಿದ ನಿಮಿಷ ಫಾಸ್ಟ್ಯಾಗಿನಲ್ಲಿದೆ, ಇ–ವೇ ಬಿಲ್ಲು ಬೇಕಾದ ಸರಕಾದರೆ ಹೊರಟ ದಿನ ಅದರಲ್ಲಿದೆ, ಒಳಬಂದ ಗಾಡಿಯ ಲೆಕ್ಕ ಮಾರುಕಟ್ಟೆ ಸಮಿತಿಯ ಬಳಿ ಇದೆ. ಇವು ಮೂರೂ ಈಗ ಸುಂಕ, ತೆರಿಗೆ, ಸೆಸ್ ವಸೂಲಿಗೆ ಮಾತ್ರ ದುಡಿಯುತ್ತಿವೆ. ಮೀರಿದ ಹೊತ್ತಿಗೆ ವ್ಯಾಗನ್ನಿನಂತೆ ಲಾರಿಗೂ ದರ ನಿಗದಿಯಾಗಿ, ಅದರಲ್ಲಿ ಚಾಲಕನ ಪಾಲು ಇಷ್ಟು ಎಂದು ಬರೆದರೆ ಇಳಿಸುವ ಅವಸರ ಹಮಾಲನ ಹೊಟ್ಟೆಯ ಮೇಲೆ ಬೀಳುವ ಅಪಾಯವಿದೆ. ಟೋಳಿಯ ಊಟದ ಹೊತ್ತನ್ನು ಆ ಲೆಕ್ಕದಿಂದ ಮೊದಲೇ ಕಳೆದಿಡಬೇಕಾಗುತ್ತದೆ. ಈ ಎರಡನ್ನೂ ಬರೆಯುವ ಅಧಿಕಾರ ಇರುವುದು ರಾಜ್ಯಕ್ಕೆ. ವಿರಾಮದ ಗಂಟೆಗಳನ್ನು ಸಂಹಿತೆಯಡಿ ಅಧಿಸೂಚಿಸಬೇಕಾದದ್ದು ಅದೇ ಸರ್ಕಾರ, ಗಾಡಿಯ ಹತ್ತಿರ ಕೂತ ಹೊತ್ತು ಯಾವಾಗ ವಿರಾಮ ಎಂದು 91ನೇ ಕಲಮಿನಡಿ ಹೇಳಬಹುದಾದದ್ದೂ ಅದೇ, ಮಾರುಕಟ್ಟೆ ಸಮಿತಿಗಳ ಉಪವಿಧಿಗಳ ಮೇಲೆ ಕಣ್ಣಿಟ್ಟಿರುವುದೂ ಅದೇ. ಮೂರು ಕಡತಗಳು ಮೂರು ಇಲಾಖೆಗಳಲ್ಲಿವೆ: ಕಾರ್ಮಿಕ, ಸಾರಿಗೆ, ಕೃಷಿ ಮಾರುಕಟ್ಟೆ.